ಎತ್ತುವ ಭಾರ ಎರಡರಷ್ಟಾಯಿತು, ಮೆಟ್ಟಿಲೇಕೆ ಹಗುರವಾಗಲಿಲ್ಲ?

ಪ್ರಶ್ನೆ: ನನಗೆ 62 ವರ್ಷ. ಎಂಟು ತಿಂಗಳಿಂದ ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುತ್ತಿದ್ದೇನೆ. ಲೆಗ್ ಪ್ರೆಸ್ ಯಂತ್ರದಲ್ಲಿ ನಾನು ತಳ್ಳುವ ಭಾರ ಆರಂಭದಲ್ಲಿದ್ದುದರ ಎರಡರಷ್ಟಾಗಿದೆ. ಆದರೆ ಮೂರು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ನೆಲದಿಂದ ಏಳುವಾಗ ಕೈಯೂರಬೇಕಾಗುವುದು, ಎಡವಿದಾಗ ತತ್ತರಿಸುವುದು ಹೆಚ್ಚುಕಡಿಮೆ ಮೊದಲಿನಂತೆಯೇ ಇವೆ. ಶಕ್ತಿ ತರಬೇತಿಯಿಂದ ದೇಹದ ಒಟ್ಟು ಸಾಮರ್ಥ್ಯವೂ ಚಲನೆಯೂ ನಿಜವಾಗಿ ಸುಧಾರಿಸುತ್ತವೆಯೇ? 86 ವರ್ಷದ ನನ್ನ ತಾಯಿಗೂ 11 ವರ್ಷದ ಮೊಮ್ಮಗನಿಗೂ ಇಂತಹ ವ್ಯಾಯಾಮ ಮಾಡಿಸಬಹುದೇ?

ಉತ್ತರ: ಶಕ್ತಿ ತರಬೇತಿಯಿಂದ ದೇಹದ ಸಾಮರ್ಥ್ಯವೂ ಚಲನೆಯೂ ಸುಧಾರಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸ್ನಾಯುವಿಗೆ ಬಂದ ಬಲವು ನಡಿಗೆಗೆ, ಮೆಟ್ಟಿಲಿಗೆ, ನೆಲದಿಂದ ಏಳುವುದಕ್ಕೆ ತಾನಾಗಿಯೇ ಹರಿದು ಬರುವುದಿಲ್ಲ. ಅದನ್ನು ಅಲ್ಲಿಗೆ ತರುವ ಕೆಲಸವನ್ನೂ ತರಬೇತಿಯೇ ಮಾಡಬೇಕು. ನಿಮ್ಮ ಅನುಭವ ಅಪರೂಪದ್ದೇನಲ್ಲ. 2009ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯೊಂದು ಹಿರಿಯ ವಯಸ್ಸಿನವರ ಮೇಲೆ ನಡೆದ 121 ಪ್ರಯೋಗಗಳನ್ನು, ಸುಮಾರು 6,700 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಹಂತಹಂತವಾಗಿ ಭಾರ ಹೆಚ್ಚಿಸುತ್ತ ಹೋಗುವ ವ್ಯಾಯಾಮದಿಂದ ಸ್ನಾಯುಬಲ ಗಣನೀಯವಾಗಿ ಹೆಚ್ಚಿತ್ತು, ಕುರ್ಚಿಯಿಂದ ಏಳುವ ವೇಗವೂ ಚೆನ್ನಾಗಿ ಸುಧಾರಿಸಿತ್ತು. ಆದರೆ ನಡಿಗೆಯ ವೇಗದಲ್ಲಿ ಕಂಡ ಏರಿಕೆ ಸಾಧಾರಣವಾಗಿತ್ತು, ದಿನನಿತ್ಯದ ಕೆಲಸಗಳ ಒಟ್ಟು ಸಾಮರ್ಥ್ಯದಲ್ಲಿ ಕಂಡ ಏರಿಕೆ ಇನ್ನೂ ಚಿಕ್ಕದಾಗಿತ್ತು. ಈ ಅಂತರ ಏಕೆ ಉಂಟಾಗುತ್ತದೆ ಎಂಬುದು ತಿಳಿದರೆ ನಿಮ್ಮ ವ್ಯಾಯಾಮಕ್ರಮದಲ್ಲಿ ಏನನ್ನು ಬದಲಿಸಬೇಕು ಎಂಬುದೂ ಸ್ಪಷ್ಟವಾಗುತ್ತದೆ. ಆದ್ದರಿಂದ ಮೊದಲು ಅದನ್ನೇ ವಿವರಿಸುತ್ತೇನೆ.

ಲೆಗ್ ಪ್ರೆಸ್‌ನಲ್ಲಿ ಭಾರ ಎರಡರಷ್ಟಾಯಿತು ಎಂದರೆ ತೊಡೆಯ ಸ್ನಾಯು ಎರಡರಷ್ಟು ದಪ್ಪವಾಯಿತು ಎಂದರ್ಥವಲ್ಲ. ತರಬೇತಿಯ ಮೊದಲ ಕೆಲವು ವಾರಗಳಲ್ಲಿ ಆಗುವ ಏರಿಕೆಯಲ್ಲಿ ಹೆಚ್ಚಿನ ಪಾಲು ನರವ್ಯೂಹದ್ದು. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದು ಇದನ್ನು ತೋರಿಸಿದರು: ಆರಂಭದಲ್ಲಿ ನರಗಳ ಪಾತ್ರವೇ ದೊಡ್ಡದಾಗಿದ್ದು, ಮೂರರಿಂದ ಐದು ವಾರಗಳ ನಂತರ ಸ್ನಾಯುವಿನ ಬೆಳವಣಿಗೆಯ ಪಾಲು ಮುಂದೆ ಬರುತ್ತದೆ. ಮೆದುಳು ಮತ್ತು ಬೆನ್ನುಹುರಿ ಹೆಚ್ಚು ಚಾಲಕ ಘಟಕಗಳನ್ನು (ಒಂದು ನರಕೋಶ ಮತ್ತು ಅದು ನಡೆಸುವ ಸ್ನಾಯು ತಂತುಗಳ ಗುಂಪು) ಒಟ್ಟಿಗೆ ಕರೆಯಲು, ಅವುಗಳಿಗೆ ಹೆಚ್ಚು ವೇಗವಾಗಿ ಸಂಕೇತ ಕಳಿಸಲು ಕಲಿಯುತ್ತವೆ. ಎದುರು ದಿಕ್ಕಿನಲ್ಲಿ ಎಳೆಯುವ ಸ್ನಾಯುಗಳನ್ನು ಅನಗತ್ಯವಾಗಿ ಬಿಗಿಹಿಡಿಯುವುದನ್ನು ಕಡಿಮೆ ಮಾಡುತ್ತವೆ. ಒಂದು ಕೈಗೆ ಮಾತ್ರ ತರಬೇತಿ ಕೊಟ್ಟರೂ ಇನ್ನೊಂದು ಕೈಯ ಬಲ ಸ್ವಲ್ಪಮಟ್ಟಿಗೆ ಹೆಚ್ಚುತ್ತದೆ ಎಂಬುದು 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ದಾಖಲಾಗಿದೆ. ಮುಟ್ಟದೇ ಬಿಟ್ಟ ಕೈಯ ಸ್ನಾಯು ಬೆಳೆಯದೆ ಅದರ ಬಲ ಹೆಚ್ಚಿತೆಂದರೆ, ಕಲಿತದ್ದು ನರವ್ಯೂಹವೇ ಆಗಿರಬೇಕು.

ಈ ಕಲಿಕೆಗೆ ಒಂದು ಮಿತಿಯಿದೆ. ಯಾವ ಭಂಗಿಯಲ್ಲಿ, ಕೀಲಿನ ಯಾವ ಕೋನದಲ್ಲಿ, ಯಾವ ವೇಗದಲ್ಲಿ ಅಭ್ಯಾಸ ಮಾಡುತ್ತೇವೆಯೋ ಬಲವು ಅಲ್ಲಿಯೇ ಹೆಚ್ಚು ಪ್ರಕಟವಾಗುತ್ತದೆ; ಭಂಗಿ ಬದಲಾದಷ್ಟೂ ಲಾಭ ಕಡಿಮೆಯಾಗುತ್ತದೆ. ಲೆಗ್ ಪ್ರೆಸ್‌ನಲ್ಲಿ ನಿಮ್ಮ ಬೆನ್ನಿಗೆ ಒರಗು ಇರುತ್ತದೆ, ಸೊಂಟ ಅಲುಗುವುದಿಲ್ಲ, ಎರಡೂ ಪಾದಗಳು ಒಂದೇ ತಟ್ಟೆಯ ಮೇಲಿರುತ್ತವೆ, ಭಾರ ಸಾಗುವ ದಾರಿಯನ್ನು ಹಳಿಗಳು ನಿರ್ಧರಿಸುತ್ತವೆ. ಮೆಟ್ಟಿಲು ಹತ್ತುವಾಗ ಇಡೀ ದೇಹದ ಭಾರ ಒಂದೇ ಕಾಲಿಗೆ ಬರುತ್ತದೆ. ಆ ಕ್ಷಣದಲ್ಲಿ ಸೊಂಟ ಇನ್ನೊಂದು ಬದಿಗೆ ಕುಸಿಯದಂತೆ ಪೃಷ್ಠದ ಪಕ್ಕದ ಸ್ನಾಯುಗಳು ಹಿಡಿಯಬೇಕು, ಹಿಮ್ಮಡಿಯನ್ನು ಮೇಲೆತ್ತಲು ಮೀನಖಂಡ ಕೆಲಸ ಮಾಡಬೇಕು, ಬೆನ್ನು ಮುಂದಕ್ಕೆ ಬಾಗಿದ್ದನ್ನು ನಡುವಿನ ಸ್ನಾಯುಗಳು ಸರಿದೂಗಿಸಬೇಕು, ಇಷ್ಟೆಲ್ಲವೂ ಒಂದು ಸೆಕೆಂಡಿನೊಳಗೆ ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ನೆಲದಿಂದ ಏಳುವುದು ಇನ್ನೂ ಬೇರೆ: ಮೊಣಕಾಲೂ ಸೊಂಟವೂ ಪೂರ್ತಿ ಮಡಚಿದ ಸ್ಥಿತಿಯಲ್ಲಿ ಬಲ ಹಾಕಬೇಕಾಗುತ್ತದೆ. ಯಂತ್ರದಲ್ಲಿ ನೀವು ಮೊಣಕಾಲನ್ನು ಲಂಬಕೋನದವರೆಗೆ ಮಾತ್ರ ಮಡಚುತ್ತಿದ್ದರೆ, ಅದಕ್ಕಿಂತ ಆಳದ ಕೋನಗಳಲ್ಲಿ ನಿಮ್ಮ ಕಾಲುಗಳಿಗೆ ತರಬೇತಿಯೇ ಆಗಿಲ್ಲ.

ಇದಕ್ಕಿಂತ ಮುಖ್ಯವೆಂದು ನಾನು ಭಾವಿಸುವ, ಆದರೆ ಜಿಮ್‌ಗಳಲ್ಲಿ ಬಹಳ ಕಡಿಮೆ ಚರ್ಚೆಯಾಗುವ ಇನ್ನೊಂದು ಕಾರಣವಿದೆ. ಬಲಕ್ಕೂ ಚಲನೆಗೂ ಇರುವ ಸಂಬಂಧ ನೇರ ರೇಖೆಯಂತಿಲ್ಲ. ಕಾಲಿನ ಬಲವನ್ನೂ ನಡಿಗೆಯ ವೇಗವನ್ನೂ ಒಟ್ಟಿಗೆ ಅಳೆದ ಬುಕ್ನರ್ ಮತ್ತು ಸಹಸಂಶೋಧಕರು 1990ರ ದಶಕದಲ್ಲಿ ತೋರಿಸಿದಂತೆ ಅದೊಂದು ಬಾಗಿದ ರೇಖೆ. ತೀರಾ ದುರ್ಬಲರಾದವರಲ್ಲಿ ಬಲ ಸ್ವಲ್ಪ ಹೆಚ್ಚಿದರೂ ನಡಿಗೆ ಎದ್ದುಕಾಣುವಷ್ಟು ಚುರುಕಾಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಬಲ ಎಷ್ಟೇ ಹೆಚ್ಚಿದರೂ ನಡಿಗೆಯ ವೇಗ ಅಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ಸಮತಟ್ಟಾದ ನೆಲದ ಮೇಲೆ ನಡೆಯಲು ಬೇಕಾದ ಬಲ ಅವರಲ್ಲಿ ಆಗಲೇ ಇರುತ್ತದೆ. ಪ್ರತಿಯೊಂದು ಕೆಲಸಕ್ಕೂ ಇಂತಹ ಒಂದು ಹೊಸ್ತಿಲು ಇದೆ. ಚಪ್ಪಟೆ ನೆಲದ ನಡಿಗೆಗೆ ಅದು ತಗ್ಗಿನಲ್ಲಿದೆ, ಮೆಟ್ಟಿಲಿಗೆ ಸ್ವಲ್ಪ ಎತ್ತರದಲ್ಲಿದೆ, ಕೈಯೂರದೆ ನೆಲದಿಂದ ಏಳುವುದಕ್ಕೆ ಇನ್ನೂ ಎತ್ತರದಲ್ಲಿದೆ. ನೀವು ಆರಂಭದಲ್ಲಿಯೇ ಮೊದಲೆರಡು ಹೊಸ್ತಿಲುಗಳನ್ನು ದಾಟಿದ್ದವರಾದರೆ, ಎಂಟು ತಿಂಗಳ ಶ್ರಮ ಅಲ್ಲಿ ಕಣ್ಣಿಗೆ ಬೀಳದಿರುವುದು ಸಹಜ.

ಆದರೂ ಆ ಶ್ರಮ ವ್ಯರ್ಥವಾಗಿಲ್ಲ ಎಂದು ಒತ್ತಿ ಹೇಳಬಯಸುತ್ತೇನೆ. ಹಿರಿಯರು ಸಾಮಾನ್ಯ ಎತ್ತರದ ಕುರ್ಚಿಯಿಂದ ಏಳುವಾಗ ತಮ್ಮ ಕಾಲಿನ ಗರಿಷ್ಠ ಬಲದ ಸುಮಾರು ಶೇ. 80ರಷ್ಟನ್ನು ಬಳಸುತ್ತಾರೆ ಎಂದೂ, ಅದೇ ಕೆಲಸಕ್ಕೆ ಯುವಜನರಿಗೆ ಅದರ ಅರ್ಧದಷ್ಟು ಸಾಕಾಗುತ್ತದೆ ಎಂದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಬಲ ಹೆಚ್ಚಿದಾಗ ಕೆಲಸದ ವೇಗ ಬದಲಾಗದಿದ್ದರೂ ಅದು ಗರಿಷ್ಠದ ಎಷ್ಟನೇ ಪಾಲು ಎಂಬುದು ಇಳಿಯುತ್ತದೆ; ದಿನದ ಕೊನೆಯ ದಣಿವು ಕಡಿಮೆಯಾಗುತ್ತದೆ. ಅದಕ್ಕಿಂತಲೂ ದೊಡ್ಡದು ಮೀಸಲು. ಐವತ್ತು ದಾಟಿದ ಮೇಲೆ ಸ್ನಾಯುವಿನ ರಾಶಿ ವರ್ಷಕ್ಕೆ ಸುಮಾರು ಶೇ. 1ರಿಂದ 2ರಷ್ಟು ಕರಗುತ್ತದೆ, ಬಲ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ಜ್ವರ, ಶಸ್ತ್ರಚಿಕಿತ್ಸೆ, ಮೂಳೆ ಮುರಿತ ಎಂದು ಎರಡು ವಾರ ಹಾಸಿಗೆ ಹಿಡಿದರೆ ಈ ಇಳಿಕೆ ಇದ್ದಕ್ಕಿದ್ದಂತೆ ಕಡಿದಾಗುತ್ತದೆ. ಆಗ ಹೊಸ್ತಿಲಿನ ಮೇಲೆ ಉಳಿಯುವವರು ಯಾರು, ಕೆಳಗೆ ಬೀಳುವವರು ಯಾರು ಎಂಬುದನ್ನು ಈಗ ಕೂಡಿಟ್ಟ ಬಲವೇ ನಿರ್ಧರಿಸುತ್ತದೆ.

ನಿಮ್ಮ ತಾಯಿಯ ವಿಷಯಕ್ಕೆ ಇಲ್ಲಿಯೇ ಬರುತ್ತೇನೆ, ಏಕೆಂದರೆ ಆ ಬಾಗಿದ ರೇಖೆಯ ಕಡಿದಾದ ಭಾಗದಲ್ಲಿ ಇರುವವರು ಅವರು. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸರಾಸರಿ 90 ವರ್ಷದ, ಆರೈಕೆ ಗೃಹದಲ್ಲಿದ್ದ ಹತ್ತು ದುರ್ಬಲ ವೃದ್ಧರಿಗೆ ಎಂಟು ವಾರ ತೊಡೆಯ ಸ್ನಾಯುಗಳ ತೀವ್ರ ತರಬೇತಿ ಕೊಟ್ಟರು. ಕೈಗೆ ಸಿಕ್ಕ ಹಗುರ ಡಂಬೆಲ್ ಅಲ್ಲಾಡಿಸುವ ತರಬೇತಿ ಅದಾಗಿರಲಿಲ್ಲ. ಅವರವರ ಗರಿಷ್ಠದ, ಎಂದರೆ ಒಂದೇ ಸಲ ಎತ್ತಬಲ್ಲ ಅತಿ ಹೆಚ್ಚು ಭಾರದ, ಶೇ. 80ರಷ್ಟು ಭಾರವನ್ನು ಗುರಿಯಾಗಿಟ್ಟುಕೊಂಡು ನಡೆಸಿದ್ದು. ಪೂರೈಸಿದ ಒಂಬತ್ತು ಮಂದಿಯಲ್ಲಿ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ತೊಡೆಯ ಮಧ್ಯದ ಸ್ನಾಯು ಶೇ. 9ರಷ್ಟು ಬೆಳೆಯಿತು, ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವ ವೇಗ ಶೇ. 48ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟರು. ಕೈಯೂರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ಏಳಬಲ್ಲವರಾದರು. 1994ರಲ್ಲಿ ಅದೇ ತಂಡ ಸರಾಸರಿ 87 ವರ್ಷದ ನೂರು ಮಂದಿಯ ಮೇಲೆ ಹತ್ತು ವಾರಗಳ ದೊಡ್ಡ ಪ್ರಯೋಗ ನಡೆಸಿತು. ವ್ಯಾಯಾಮ ಮಾಡಿದವರ ಬಲ ಶೇ. 113, ನಡಿಗೆಯ ವೇಗ ಶೇ. 11.8, ಮೆಟ್ಟಿಲು ಹತ್ತುವ ಸಾಮರ್ಥ್ಯ ಶೇ. 28.4ರಷ್ಟು ಹೆಚ್ಚಿದವು, ವ್ಯಾಯಾಮ ಮಾಡದವರ ನಡಿಗೆ ಅದೇ ಅವಧಿಯಲ್ಲಿ ಇನ್ನಷ್ಟು ನಿಧಾನವಾಯಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯವನ್ನಷ್ಟೇ ಕೊಟ್ಟ ಗುಂಪಿನಲ್ಲಿ ಇಂತಹ ಲಾಭ ಕಾಣಲಿಲ್ಲ. ಈ ಎರಡು ಪ್ರಯೋಗಗಳನ್ನು ಓದಿದ ಮೇಲೂ "ಈ ವಯಸ್ಸಿನಲ್ಲಿ ಏಕೆ ಬೇಕು" ಎಂದು ಹಿರಿಯರನ್ನು ಕೂರಿಸಿಬಿಡುವುದು ನನಗೆ ಸಹಿಸಲಾಗದ ಸಂಗತಿ.

ಇನ್ನು ಎಡವಿದಾಗ ತತ್ತರಿಸುವ ವಿಚಾರ. ಇಲ್ಲಿ ಪ್ರಶ್ನೆ ಬಲದ ಪ್ರಮಾಣಕ್ಕಿಂತ ಹೆಚ್ಚಾಗಿ ಬಲ ಬರುವ ವೇಗದ್ದು. ಸ್ನಾಯುವೊಂದು ತನ್ನ ಗರಿಷ್ಠ ಬಲವನ್ನು ತಲುಪಲು ಸಾಮಾನ್ಯವಾಗಿ 300 ಮಿಲಿಸೆಕೆಂಡುಗಳಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ಎಡವಿದ ದೇಹವನ್ನು ಹಿಡಿದು ನಿಲ್ಲಿಸಲು ಸಿಗುವ ಅವಕಾಶ ಅದಕ್ಕಿಂತ ಕಡಿಮೆ. ವಯಸ್ಸಾದಂತೆ ಮೊದಲು ಸೊರಗುವುದು ವೇಗದ ಸ್ನಾಯು ತಂತುಗಳು, ಆದ್ದರಿಂದಲೇ ಬಲ ಮತ್ತು ವೇಗಗಳ ಗುಣಲಬ್ಧವಾದ ಪವರ್ ಎಂಬುದು ಬಲಕ್ಕಿಂತ ಬೇಗ ಕುಸಿಯುತ್ತದೆ. ಲೆಗ್ ಪ್ರೆಸ್‌ನಲ್ಲಿ ಭಾರವನ್ನು ನಿಧಾನವಾಗಿ ತಳ್ಳಿ, ನಿಧಾನವಾಗಿ ಇಳಿಸುವ ಅಭ್ಯಾಸ ಕೀಲುಗಳಿಗೆ ಸುರಕ್ಷಿತವಾದರೂ ಈ ಕೊರತೆಯನ್ನು ಅಷ್ಟಾಗಿ ತುಂಬುವುದಿಲ್ಲ. ಭಾರ ಸ್ವಲ್ಪ ಕಡಿಮೆ ಮಾಡಿ, ಮೇಲೆತ್ತುವ ಭಾಗವನ್ನು ಸಾಧ್ಯವಾದಷ್ಟು ಬೇಗ ಮಾಡಿ, ಇಳಿಸುವ ಭಾಗವನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿಯಂತ್ರಿಸಿ ಮಾಡುವ ಪದ್ಧತಿಯನ್ನು ಹಿರಿಯರ ಮೇಲೆ ಪರೀಕ್ಷಿಸಿದಾಗ, ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಮೊದಲಾದ ಕೆಲಸಗಳಲ್ಲಿ ಅದು ನಿಧಾನಗತಿಯ ತರಬೇತಿಗೆ ಸಮನಾಗಿ, ಹಲವು ಕಡೆ ಅದಕ್ಕಿಂತ ಸ್ವಲ್ಪ ಮುಂದಾಗಿ ಕಂಡಿದೆ.

ಬೀಳುವುದನ್ನು ತಡೆಯುವುದಕ್ಕೆ ಬಲವೊಂದೇ ಸಾಲದು ಎಂಬುದಕ್ಕೂ ಒಳ್ಳೆಯ ಆಧಾರವಿದೆ. 108 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 2019ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಸಮತೋಲನದ ಮತ್ತು ದಿನನಿತ್ಯದ ಚಲನೆಗಳ ಅಭ್ಯಾಸದಿಂದ ಬೀಳುವ ಪ್ರಮಾಣ ಸುಮಾರು ಶೇ. 24ರಷ್ಟು ಕಡಿಮೆಯಾಯಿತು, ಇವುಗಳ ಜೊತೆಗೆ ಶಕ್ತಿ ತರಬೇತಿಯನ್ನೂ ಸೇರಿಸಿದ ಮಿಶ್ರ ಕಾರ್ಯಕ್ರಮಗಳಲ್ಲಿ ಇಳಿಕೆ ಸುಮಾರು ಶೇ. 34ರಷ್ಟಿತ್ತು. ಸಮತೋಲನದ ಅಭ್ಯಾಸವಿಲ್ಲದ ಬರೀ ಶಕ್ತಿ ತರಬೇತಿಯ ಬಗ್ಗೆ ಖಚಿತ ತೀರ್ಮಾನಕ್ಕೆ ಬರುವಷ್ಟು ಪುರಾವೆ ಅಲ್ಲಿ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ಇದೇ ಧೋರಣೆ ಇದೆ: ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ಪ್ರಮುಖ ಸ್ನಾಯುಗಳನ್ನು ಬಲಪಡಿಸಬೇಕು, 65 ದಾಟಿದವರು ಅದರ ಜೊತೆಗೆ ಸಮತೋಲನಕ್ಕೂ ಬಲಕ್ಕೂ ಒತ್ತು ಕೊಡುವ ಬಹುಮುಖ ವ್ಯಾಯಾಮವನ್ನು ವಾರಕ್ಕೆ ಮೂರು ಅಥವಾ ಹೆಚ್ಚು ದಿನ ಮಾಡಬೇಕು.

ಮೂರು ಮಹಡಿಯ ಏದುಸಿರಿನ ಕಾರಣ ಬೇರೆಯೇ ಇರಬಹುದು. ಅದು ಬಹುಮಟ್ಟಿಗೆ ಹೃದಯ, ಶ್ವಾಸಕೋಶ ಮತ್ತು ಸ್ನಾಯುಗಳು ಆಮ್ಲಜನಕವನ್ನು ಸಾಗಿಸಿ ಬಳಸುವ ಸಾಮರ್ಥ್ಯಕ್ಕೆ ಸೇರಿದ್ದು. ಭಾರ ಎತ್ತುವುದರಿಂದ ಆ ಸಾಮರ್ಥ್ಯ ಹೆಚ್ಚುವುದು ಅಲ್ಪ. ಚುರುಕು ನಡಿಗೆ, ಸೈಕಲ್, ಈಜು ಮುಂತಾದವು ವಾರಕ್ಕೆ 150ರಿಂದ 300 ನಿಮಿಷ ಬೇಕು ಎಂಬ ಶಿಫಾರಸು ಶಕ್ತಿ ತರಬೇತಿ ಮಾಡುವವರಿಗೂ ಅನ್ವಯಿಸುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಬಲ ಬೆಳೆಯುವುದಿಲ್ಲ ಎಂಬ ಆತಂಕ ಹಲವರಿಗಿದೆ. ಇದರ ಮೂಲ 1980ರಲ್ಲಿ ರಾಬರ್ಟ್ ಹಿಕ್ಸನ್ ನಡೆಸಿದ ಹತ್ತು ವಾರಗಳ ಪ್ರಯೋಗ. ಅದರಲ್ಲಿ ಎರಡನ್ನೂ ಮಾಡಿದ ಗುಂಪಿನ ಬಲ ಏಳೆಂಟು ವಾರಗಳ ನಂತರ ಏರುವುದನ್ನು ನಿಲ್ಲಿಸಿತ್ತು. ಆದರೆ ಅಲ್ಲಿ ಭಾಗವಹಿಸಿದವರು ವಾರಕ್ಕೆ ಐದಾರು ದಿನ ಎರಡೂ ಬಗೆಯ ಕಠಿಣ ವ್ಯಾಯಾಮ ಮಾಡುತ್ತಿದ್ದರು. ನಿಮ್ಮ ಮಟ್ಟದ ಅಭ್ಯಾಸಕ್ಕೆ ಆ ಆತಂಕ ಬೇಕಿಲ್ಲ, ಎರಡರ ನಡುವೆ ಕೆಲವು ಗಂಟೆಗಳ ಅಂತರವೋ ಒಂದು ದಿನದ ಅಂತರವೋ ಇದ್ದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಈ ಏದುಸಿರು ಇತ್ತೀಚೆಗೆ ಹೆಚ್ಚಾಗಿದ್ದರೆ, ಎದೆ ಬಿಗಿತ, ತಲೆಸುತ್ತು, ಕಾಲು ಬಾವು ಜೊತೆಗಿದ್ದರೆ, ವ್ಯಾಯಾಮ ಬದಲಿಸುವ ಮೊದಲು ವೈದ್ಯರನ್ನು ಕಾಣಬೇಕು.

ಈಗ ನಿಮ್ಮ ಕಾರ್ಯಕ್ರಮಕ್ಕೆ ಬರೋಣ. ಲೆಗ್ ಪ್ರೆಸ್ ಬಿಡಬೇಕಾಗಿಲ್ಲ, ಅದನ್ನು ಎರಡನೇ ಸ್ಥಾನಕ್ಕೆ ಇಳಿಸಿ. ಪ್ರತಿ ದಿನದ ಅಭ್ಯಾಸದ ಆರಂಭದಲ್ಲಿ, ದೇಹ ದಣಿಯುವ ಮೊದಲು, ಐದು ಹತ್ತು ನಿಮಿಷ ಸಮತೋಲನಕ್ಕೆ ಕೊಡಿ: ಒಂಟಿಕಾಲಿನ ಮೇಲೆ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಹಿಂದಕ್ಕೂ ಪಕ್ಕಕ್ಕೂ ಬೇಗ ಹೆಜ್ಜೆ ಹಾಕುವುದು, ಎಲ್ಲವನ್ನೂ ಹಿಡಿದುಕೊಳ್ಳಲು ಗಟ್ಟಿಯಾದದ್ದೇನಾದರೂ ಕೈಗೆಟಕುವಂತಿರುವ ಜಾಗದಲ್ಲಿ. ಆಮೇಲೆ ನೀವು ಸುಧಾರಿಸಬೇಕೆಂದಿರುವ ಕೆಲಸಗಳನ್ನೇ ಹೋಲುವ ವ್ಯಾಯಾಮಗಳು ಬರಲಿ. ಮೊಣಕಾಲೆತ್ತರಕ್ಕಿಂತ ಸ್ವಲ್ಪ ತಗ್ಗಾದ ಪೆಟ್ಟಿಗೆಯ ಮೇಲೆ ಒಂದೊಂದೇ ಕಾಲಿನಲ್ಲಿ ಹತ್ತಿ ಇಳಿಯುವುದು, ಕೈಯಲ್ಲಿ ಡಂಬೆಲ್ ಹಿಡಿದು ಕುರ್ಚಿಯಲ್ಲಿ ಕೂರುವಂತೆ ಬಗ್ಗಿ ಏಳುವ ಸ್ಕ್ವಾಟ್, ಒಂದು ಕಾಲು ಮುಂದಿಟ್ಟು ಇನ್ನೊಂದು ಮೊಣಕಾಲನ್ನು ನೆಲದತ್ತ ಇಳಿಸುವ ಲಂಜ್, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು, ನೆಲದಿಂದ ಭಾರವನ್ನು ಎತ್ತಿ ನಿಲ್ಲುವುದು ಇವುಗಳಲ್ಲಿ ಮುಖ್ಯವಾದವು. ಪೆಟ್ಟಿಗೆ ಇಳಿಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ; ಉದ್ದವಾಗುತ್ತಲೇ ಬಲ ಹಿಡಿಯುವ ಕೆಲಸವನ್ನು ಸ್ನಾಯು ಅಲ್ಲಿ ಕಲಿಯುತ್ತದೆ, ಮೆಟ್ಟಿಲಿನಲ್ಲಿ ಜನ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ನೆಲದಿಂದ ಏಳುವುದನ್ನು ತುಂಡುಗಳಾಗಿ ಅಭ್ಯಾಸ ಮಾಡಿ: ಮೊದಲು ಒಂದು ಮೊಣಕಾಲೂರಿದ ಭಂಗಿಯಿಂದ ಒಂದು ಕೈ ಸ್ಟೂಲಿನ ಮೇಲಿಟ್ಟು ಏಳುವುದು, ನಂತರ ಕೈಯಿಲ್ಲದೆ ಅದೇ ಭಂಗಿಯಿಂದ, ಕೊನೆಗೆ ನೆಲದ ಮೇಲೆ ಕುಳಿತ ಸ್ಥಿತಿಯಿಂದ.

ಭಾರ ಎಷ್ಟಿರಬೇಕು ಎಂಬುದಕ್ಕೆ ಹಳೆಯ ತತ್ವವೇ ಈಗಲೂ ಆಧಾರ. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ಮೊಣಕಾಲುಗಳನ್ನು ಮತ್ತೆ ಬಲಪಡಿಸುವಾಗ, ಹಗುರ ಭಾರವನ್ನು ನೂರಾರು ಸಲ ಎತ್ತಿಸುವ ಅಂದಿನ ರೂಢಿಯನ್ನು ಬಿಟ್ಟು, ಕಷ್ಟವಾಗುವಷ್ಟು ಭಾರವನ್ನು ಕೆಲವೇ ಸಲ ಎತ್ತಿಸಿ, ಬಲ ಬಂದಂತೆ ಭಾರ ಹೆಚ್ಚಿಸುತ್ತ ಹೋದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಇಂದಿನ ಸಾಮಾನ್ಯ ಸಲಹೆಯಂತೆ ಹೊಸಬರು ಗರಿಷ್ಠದ ಶೇ. 60ರಿಂದ 70ರಷ್ಟು ಭಾರವನ್ನು 8ರಿಂದ 12 ಸಲ ಎತ್ತಬೇಕು. ಗುರಿಗಿಂತ ಒಂದೆರಡು ಸಲ ಹೆಚ್ಚು ಎತ್ತಲಾದಾಗ ಭಾರವನ್ನು ಶೇ. 2ರಿಂದ 10ರಷ್ಟು ಏರಿಸಬೇಕು. ಗರಿಷ್ಠವನ್ನು ಅಳೆಯುವ ಗೋಜಿಗೆ ಹೋಗದೆ, ಒಂದು ಸೆಟ್ (ನಡುವೆ ವಿಶ್ರಾಂತಿಯಿಲ್ಲದೆ ಎತ್ತುವ ಒಂದು ಸುತ್ತು) ಮುಗಿದಾಗ ಇನ್ನೂ ಎರಡು ಸಲ ಎತ್ತಬಹುದಿತ್ತು ಎನಿಸುವಷ್ಟು ಭಾರ ಆರಿಸಿಕೊಂಡರೂ ನಡೆಯುತ್ತದೆ. ಹಗುರ ಭಾರವನ್ನು ದಣಿಯುವವರೆಗೆ ಎತ್ತಿದರೆ ಸ್ನಾಯು ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ, ಆದರೆ ಗರಿಷ್ಠ ಬಲ ಬೆಳೆಸುವುದರಲ್ಲಿ ಹೆಚ್ಚು ಭಾರವೇ ಮುಂದು. ವಾರದ ಮೂರು ದಿನಗಳಲ್ಲಿ ಒಂದು ದಿನವನ್ನು ವೇಗಕ್ಕೆ ಮೀಸಲಿಡಿ: ಅರ್ಧದಷ್ಟು ಭಾರ, ಮೇಲೇಳುವಾಗ ಚುರುಕು, 6ರಿಂದ 8 ಸಲ, ವೇಗ ಕುಂದುತ್ತಿದ್ದಂತೆ ಅಲ್ಲಿಗೇ ನಿಲ್ಲಿಸುವುದು.

ಉಸಿರನ್ನು ಬಿಗಿಹಿಡಿಯುವ ಅಭ್ಯಾಸ ನಿಮಗಿದ್ದರೆ ಬಿಡಿಸಿಕೊಳ್ಳಿ. 1985ರಲ್ಲಿ ಅನುಭವಿ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಮಾಪಕವಿಟ್ಟು ಅಳೆದಾಗ, ಗರಿಷ್ಠದ ಸಮೀಪದ ಭಾರವನ್ನು ಎರಡು ಕಾಲಿನಿಂದ ತಳ್ಳುವ ಲೆಗ್ ಪ್ರೆಸ್‌ನಲ್ಲಿ ರಕ್ತದೊತ್ತಡ ಸರಾಸರಿ 320/250ರವರೆಗೆ ಏರಿತ್ತು. ಅದು ಕ್ಷಣಿಕ, ಆರೋಗ್ಯವಂತರಲ್ಲಿ ತಕ್ಷಣ ಇಳಿಯುತ್ತದೆ. ಆದರೆ ಹತೋಟಿಗೆ ಬಾರದ ರಕ್ತದೊತ್ತಡ, ಮಹಾಪಧಮನಿಯ ಉಬ್ಬು, ಇತ್ತೀಚಿನ ಕಣ್ಣಿನ ಶಸ್ತ್ರಚಿಕಿತ್ಸೆ, ಅಸ್ಥಿರ ಹೃದಯರೋಗ ಇರುವವರಿಗೆ ಅಷ್ಟೂ ಅಪಾಯಕಾರಿ. ಎತ್ತುವಾಗ ಉಸಿರು ಹೊರಕ್ಕೆ, ಇಳಿಸುವಾಗ ಒಳಕ್ಕೆ ಎಂಬ ಕ್ರಮವನ್ನೂ, ಪೂರ್ತಿ ಸೋಲುವವರೆಗೆ ಎತ್ತದಿರುವುದನ್ನೂ ಪಾಲಿಸಿದರೆ ಈ ಏರಿಕೆ ಬಹಳ ತಗ್ಗುತ್ತದೆ.

ನಿಮ್ಮ ತಾಯಿಗೆ ಆರಂಭದಲ್ಲಿ ವೈದ್ಯರ ತಪಾಸಣೆ ಮತ್ತು ಫಿಸಿಯೋಥೆರಪಿಸ್ಟರ ಮೇಲ್ವಿಚಾರಣೆ ಇರಲೇಬೇಕು. ಗೋಡೆಗೆ ಒತ್ತಿಟ್ಟ, ಕೈಯಿರುವ ಕುರ್ಚಿಯಿಂದ ಏಳುವುದೇ ಅವರ ಮುಖ್ಯ ವ್ಯಾಯಾಮವಾಗಬಹುದು. ಕಷ್ಟವಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ, ಬಲ ಬಂದಂತೆ ಎತ್ತರ ತಗ್ಗಿಸುತ್ತ ಬನ್ನಿ. ದಿಂಬಿನ ಎತ್ತರವೇ ಇಲ್ಲಿ ಭಾರದ ಅಳತೆ. ಕಣಕಾಲಿಗೆ ಭಾರದ ಪಟ್ಟಿ ಕಟ್ಟಿ ಕುಳಿತಲ್ಲೇ ಮೊಣಕಾಲು ಚಾಚುವುದು, ಆಸರೆ ಹಿಡಿದು ಹಿಮ್ಮಡಿ ಎತ್ತುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು ಜೊತೆಗಿರಲಿ. ವಯಸ್ಸನ್ನು ನೋಡಿ ಭಾರವನ್ನು ತೀರಾ ಹಗುರ ಮಾಡಿಬಿಡುವ ತಪ್ಪು ಬಹಳ ಕಡೆ ನಡೆಯುತ್ತದೆ. ಬಾಸ್ಟನ್‌ನ ಫಲಿತಾಂಶ ಬಂದದ್ದು ತೀವ್ರತೆಯಿಂದ ಎಂಬುದನ್ನು ಮರೆಯಬಾರದು. ಮೂಳೆ ಸವೆತ ತೀವ್ರವಾಗಿದ್ದರೆ ಬೆನ್ನನ್ನು ಮುಂದಕ್ಕೆ ಬಾಗಿಸಿ ಅಥವಾ ತಿರುಚಿ ಭಾರ ಎತ್ತುವ ಚಲನೆಗಳನ್ನು ಬಿಡಬೇಕು. ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಾಮಾನ್ಯ ಸಲಹೆ. ಹಸಿವು ಕಡಿಮೆಯಾದ ವಯಸ್ಸಿನಲ್ಲಿ ಇದು ಸಿಗುತ್ತಿದೆಯೇ ಎಂದು ನೋಡಿಕೊಳ್ಳಬೇಕಾದವರು ಮನೆಯವರು.

ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಇರುವ ಹಿರಿಯರ ಮನೆಯವರೂ ಇದನ್ನು ಓದುತ್ತಿರಬಹುದಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಬಲ ಬೆಳೆಸಿದರೆ ಪಾರ್ಶ್ವವಾಯು ತಗುಲಿದ ಕೈಕಾಲಿನ ಬಿಗಿತ ಹೆಚ್ಚುತ್ತದೆ ಎಂಬ ಭಯ ಬಹುಕಾಲ ಇತ್ತು. ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಿಗಿತ ಹೆಚ್ಚದೆಯೇ ಬಲ ಹೆಚ್ಚುವುದು ಕಂಡಿದೆ, ಆದರೆ ನಡಿಗೆ ಸುಧಾರಿಸಲು ನಡಿಗೆಯ ಅಭ್ಯಾಸವೂ ಬೇಕೇ ಬೇಕು. ಪಾರ್ಕಿನ್ಸನ್‌ನಲ್ಲಿ ವಾರಕ್ಕೆ ಎರಡು ದಿನದಂತೆ ಎರಡು ವರ್ಷ ಭಾರ ಹೆಚ್ಚಿಸುತ್ತ ಹೋದ ಗುಂಪು, ಹಿಗ್ಗಿಸುವ ಮತ್ತು ಸಮತೋಲನದ ವ್ಯಾಯಾಮ ಮಾಡಿದ ಗುಂಪಿಗಿಂತ ಚಲನೆಯ ಲಕ್ಷಣಗಳಲ್ಲಿ ಮೇಲಾಗಿತ್ತು ಎಂದು 2013ರ ಅಧ್ಯಯನವೊಂದು ವರದಿ ಮಾಡಿದೆ.

ನಿಮ್ಮ ಮೊಮ್ಮಗನನ್ನು ಧಾರಾಳವಾಗಿ ಕರೆದುಕೊಂಡು ಹೋಗಬಹುದು. ಸರಿಯಾಗಿ ಕಲಿಸಿ, ಪಕ್ಕದಲ್ಲಿ ನಿಂತು ನೋಡಿಕೊಂಡ ಶಕ್ತಿ ತರಬೇತಿಯಿಂದ ಮಕ್ಕಳ ಎತ್ತರ ಕುಂಠಿತವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪ್ರೌಢಾವಸ್ಥೆಗೆ ಮುಂಚೆ ಹಾರ್ಮೋನುಗಳ ಮಟ್ಟ ಕಡಿಮೆ ಇರುವುದರಿಂದ ಸ್ನಾಯು ದಪ್ಪವಾಗುವುದು ಅಲ್ಪ, ಬಲ ಹೆಚ್ಚುವುದು ಬಹುಪಾಲು ನರಗಳ ಕಲಿಕೆಯಿಂದ. ಅದೇ ಕಾರಣಕ್ಕೆ ಓಡುವುದು, ನೆಗೆಯುವುದು, ಎಸೆಯುವುದು ಮುಂತಾದ ಕೌಶಲಗಳಿಗೆ ಈ ವಯಸ್ಸಿನ ತರಬೇತಿ ಚೆನ್ನಾಗಿ ಹೊಂದುತ್ತದೆ. ಹೇಳಿದ್ದನ್ನು ಕೇಳಿ ನಡೆದುಕೊಳ್ಳುವಷ್ಟು ಗಮನ ಅವನಿಗಿರಬೇಕು. ಸ್ವಂತ ದೇಹತೂಕ, ರಬ್ಬರ್ ಪಟ್ಟಿ, ಹಗುರ ಡಂಬೆಲ್‌ಗಳಿಂದ ತೊಡಗಿ, ಭಂಗಿ ಕೆಡದಷ್ಟು ಭಾರವನ್ನು 10ರಿಂದ 15 ಸಲ ಎತ್ತಿಸಿ. ಎಷ್ಟು ಗರಿಷ್ಠ ಎತ್ತುತ್ತಾನೆ ಎಂದು ಸ್ನೇಹಿತರೊಂದಿಗೆ ಪಂಥ ಕಟ್ಟಲು ಮಾತ್ರ ಬಿಡಬೇಡಿ. ಮಕ್ಕಳಿಗೆ ಗಾಯವಾಗುವುದು ಹೆಚ್ಚಾಗಿ ಯಾರೂ ನೋಡಿಕೊಳ್ಳದಿರುವಾಗ.

ಇಷ್ಟು ದಿನ ನೀವು ಲೆಗ್ ಪ್ರೆಸ್‌ನ ಭಾರವನ್ನು ಮಾತ್ರ ಬರೆದಿಟ್ಟುಕೊಂಡಿದ್ದೀರಿ. ಇನ್ನು ಮುಂದೆ ಚಲನೆಯನ್ನೇ ಅಳೆಯಿರಿ. ಎದೆಗೆ ಕೈ ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. 60ರಿಂದ 64 ವಯಸ್ಸಿನ ಪುರುಷರಲ್ಲಿ 14ರಿಂದ 19, ಮಹಿಳೆಯರಲ್ಲಿ 12ರಿಂದ 17 ಸಾಮಾನ್ಯ ವ್ಯಾಪ್ತಿ, 85ರಿಂದ 89ರ ಮಹಿಳೆಯರಲ್ಲಿ 8ರಿಂದ 13. ಅದೇ ಮೂರು ಮಹಡಿಗೆ ಹಿಡಿಯುವ ಸಮಯ, ನೆಲದಿಂದ ಏಳಲು ಬೇಕಾದ ಆಸರೆಗಳ ಸಂಖ್ಯೆ, ಒಂಟಿಕಾಲಿನ ಮೇಲೆ ನಿಲ್ಲುವ ಸೆಕೆಂಡುಗಳು, ನಾಲ್ಕು ಮೀಟರ್ ನಡೆಯುವ ವೇಗ ಇವನ್ನೂ ಗುರುತು ಹಾಕಿಡಿ. ಸೆಕೆಂಡಿಗೆ 0.8 ಮೀಟರ್ ಅಥವಾ ಅದಕ್ಕಿಂತ ನಿಧಾನದ ನಡಿಗೆಯನ್ನು, ಸ್ನಾಯುಬಲವೂ ಸ್ನಾಯುರಾಶಿಯೂ ಕುಂದಿರುವವರಲ್ಲಿ, ಸ್ನಾಯುಕ್ಷಯ ತೀವ್ರವಾಗಿರುವುದರ ಗುರುತಾಗಿ ಯೂರೋಪಿನ ತಜ್ಞರ ಗುಂಪು ಪರಿಗಣಿಸುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿ ಇದನ್ನು ತಿಳಿದುಕೊಳ್ಳುವುದು ಉಪಯುಕ್ತ. ಆರು ವಾರಕ್ಕೊಮ್ಮೆ, ಅದೇ ಕುರ್ಚಿ, ಅದೇ ಮೆಟ್ಟಿಲು, ದಿನದ ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ಹನ್ನೆರಡು ವಾರಗಳಾದರೂ ಯಾವುದಾದರೊಂದು ಅಳತೆ ಅಲುಗದಿದ್ದರೆ, ಆ ಕೆಲಸಕ್ಕೆ ಹತ್ತಿರವಾದ ವ್ಯಾಯಾಮದ ಪಾಲನ್ನು ಹೆಚ್ಚಿಸಬೇಕು, ಉಳಿದವುಗಳನ್ನು ಅಷ್ಟು ಕಡಿಮೆ ಮಾಡಬೇಕು.

ಪ್ರಯಾಣ, ಅನಾರೋಗ್ಯ, ಮನೆಯ ಕೆಲಸಗಳಿಂದ ಅಭ್ಯಾಸ ತಪ್ಪುವ ದಿನಗಳೂ ಬರುತ್ತವೆ. 1990ರ ಪ್ರಯೋಗದಲ್ಲಿ ತರಬೇತಿ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಆ ವೃದ್ಧರ ಗರಿಷ್ಠ ಬಲ ಶೇ. 32ರಷ್ಟು ಇಳಿಯಿತು, ಆದ್ದರಿಂದ ನಿಮ್ಮ ತಾಯಿಗೆ ದೀರ್ಘ ವಿರಾಮ ಕೊಡಬೇಡಿ. ಮನೆಯಲ್ಲೇ ಕುರ್ಚಿಯಿಂದ ಏಳುವ ಎರಡು ಸೆಟ್‌ಗಳಾದರೂ ನಡೆಯುತ್ತಿರಲಿ. ಗಳಿಸಿದ ಬಲವನ್ನು ಉಳಿಸಿಕೊಳ್ಳಲು ಬೇಕಾದ ಶ್ರಮ, ಗಳಿಸಲು ಬೇಕಾದುದಕ್ಕಿಂತ ಬಹಳ ಕಡಿಮೆ. ನಿಮಗೆ ವಾರಕ್ಕೆ ಒಂದೇ ದಿನ ಸಿಕ್ಕರೂ, ಸೆಟ್‌ಗಳ ಸಂಖ್ಯೆಯನ್ನು ಇಳಿಸಿ, ಭಾರವನ್ನು ಇಳಿಸದೆ ಮಾಡಿದರೆ ಹಲವು ವಾರ ಆ ಬಲ ಕೈಬಿಡುವುದಿಲ್ಲ. ಅನಾರೋಗ್ಯದಿಂದ ಎರಡು ವಾರಕ್ಕಿಂತ ಹೆಚ್ಚು ಪೂರ್ತಿ ನಿಂತಿದ್ದರೆ ಮಾತ್ರ ಹಿಂದಿನ ಭಾರದ ಸುಮಾರು ಮೂರನೇ ಎರಡರಷ್ಟರಿಂದ ಮತ್ತೆ ತೊಡಗಿ, ಎರಡು ಮೂರು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಏರಿಸಿಕೊಳ್ಳಿ.